ಓಕ್ ಕಾಡಿಗೆ ಬೆಂಕಿ ಹಾಕುವುದೇಕೆ?

ಪ್ರಶ್ನೆ: ಅಮೆರಿಕದ ಪೂರ್ವ ಭಾಗದಲ್ಲಿ ಓಕ್ ಕಾಡು ಉಳಿಸಲು ಬೇಕೆಂದೇ ಬೆಂಕಿ ಕೊಡುತ್ತಾರಂತೆ. ಓಕ್ ಸಸಿಗಳೂ ಸುಡುವುದಿಲ್ಲವೇ?

ಉತ್ತರ: ಸುಡುತ್ತವೆ, ಆದರೆ ಬಹುಪಾಲು ಮತ್ತೆ ಚಿಗುರುತ್ತವೆ. ಓಕ್ ಕಾಯಿ ಮೊಳೆತಾಗ ಬೀಜದಳಗಳು ಮಣ್ಣಿನೊಳಗೇ ಉಳಿಯುತ್ತವೆ. ಎಳೆ ಸಸಿ ಎತ್ತರಕ್ಕೆ ಬೆಳೆಯುವ ಮೊದಲು ತಾಯಿಬೇರನ್ನು ದಪ್ಪ ಮಾಡಿಕೊಳ್ಳುತ್ತದೆ. ಸುಪ್ತ ಮೊಗ್ಗುಗಳು ಮಣ್ಣಿನ ಮರೆಯಲ್ಲಿರುವುದರಿಂದ ಕಾಂಡ ಕರಕಲಾದರೂ ಬುಡ ಜೀವಂತ. ಓಕ್‌ಗೆ ಪೈಪೋಟಿ ಕೊಡುವ ಮೇಪಲ್ ಮರದ ಸಸಿಯ ಮೊಗ್ಗುಗಳು ನೆಲಮಟ್ಟದಲ್ಲಿ, ಬೆಂಕಿಯ ಬಾಯಿಗೇ ಸಿಗುವಂತಿರುತ್ತವೆ. ಅದರ ಎಳೆ ತೊಗಟೆಯೂ ತೆಳು.

ಎಲ್ಲ ಓಕ್‌ಗಳೂ ಒಂದೇ ಅಲ್ಲ. ಬರ್ ಓಕ್‌ನ ತೊಗಟೆ ಬಹಳ ದಪ್ಪ. ಸ್ಕಾರ್ಲೆಟ್ ಓಕ್‌ನದು ತೆಳು, ಬುಡ ಬೆಂದು ಗಾಯವಾಗಿ ಒಳಗೆ ಕೊಳೆಯುತ್ತದೆ.

ಕಾಡಿನ ರೂಪ ನಿರ್ಧರಿಸುವುದು ಎರಡು ಬೆಂಕಿಗಳ ನಡುವಿನ ಬಿಡುವು. ವರ್ಷ ಎರಡು ವರ್ಷಕ್ಕೊಮ್ಮೆ ಸುಟ್ಟರೆ ಚಿಗುರು ಮೇಲೇಳದೆ, ಅಲ್ಲೊಂದು ಇಲ್ಲೊಂದು ಹಳೆಯ ಮರವಿರುವ ಹುಲ್ಲುಗಾವಲಾಗುತ್ತದೆ. ಮಿನ್ನೆಸೋಟ ರಾಜ್ಯದ ಸೀಡರ್ ಕ್ರೀಕ್ ಸಂಶೋಧನಾ ತಾಣದಲ್ಲಿ 1964ರಿಂದ ನಡೆದಿರುವ ಪ್ರಯೋಗದಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಪದೇ ಪದೇ ಸುಟ್ಟ ತಾಕುಗಳು ಬಯಲಾಗಿವೆ, ಸುಡದವು ದಟ್ಟವಾಗಿವೆ. ಹೊಸ ಓಕ್ ಮೇಲೆ ಬರಬೇಕಾದರೆ, ಅದರ ಕಾಂಡ ಬೆಂಕಿ ತಾಳುವಷ್ಟು ದಪ್ಪವಾಗುವವರೆಗೆ ಹಲವು ವರ್ಷ ಬೆಂಕಿ ಬೀಳಬಾರದು.

ಬೆಂಕಿಯನ್ನು ಪೂರ್ತಿ ತಡೆದದ್ದು ಇಪ್ಪತ್ತನೆಯ ಶತಮಾನದ ದೊಡ್ಡ ಹಾನಿ. ನೆರಳು ತಾಳುವ ಮೇಪಲ್, ಬೀಚ್ ಮರಗಳು ಓಕ್‌ಗಳ ಕೆಳಗೆ ದಟ್ಟವಾದವು. ಓಕ್ ಎಲೆ ಸುರುಟಿಕೊಂಡು ಗಾಳಿಯಾಡಿ ಬೇಗ ಒಣಗುತ್ತದೆ; ಮೇಪಲ್ ಎಲೆ ಚಪ್ಪಟೆಯಾಗಿ ಒಂದರ ಮೇಲೊಂದು ಅಂಟಿ ತೇವ ಹಿಡಿದು ಬೇಗ ಕೊಳೆಯುತ್ತದೆ. ಹಾಗಾಗಿ ಮೇಪಲ್ ಹೆಚ್ಚಿದಷ್ಟೂ ಬೆಂಕಿ ಹತ್ತುವುದೇ ಕಷ್ಟ. ತಡಮಾಡಿದಷ್ಟೂ ಕಾಡನ್ನು ಹಿಂದಕ್ಕೆ ತರುವುದು ದುಬಾರಿ.

ಪ್ರಶ್ನೆ: ಹಾಗಾದರೆ ಒಮ್ಮೆ ಸುಟ್ಟರೆ ಸಾಕೇ?

ಉತ್ತರ: ಸಾಲದು. ಮೇಲಿನ ನೆರಳು ಹಾಗೇ ಇದ್ದರೆ ಚಿಗುರಿದ ಓಕ್ ಬೇರಿನ ದಾಸ್ತಾನು ತೀರಿಸಿಕೊಂಡು ಸೊರಗುತ್ತದೆ. ಪೂರ್ವದ ಕಾಡುಗಳಲ್ಲಿ ಫಲ ಕೊಟ್ಟ ಕ್ರಮ ಹೀಗಿದೆ: ನೆಲದಲ್ಲಿ ಓಕ್ ಸಸಿಗಳಿವೆಯೆಂದು ಖಾತ್ರಿ ಮಾಡಿಕೊಂಡು ಮೇಲಿನ ಮರಗಳಲ್ಲಿ ಸುಮಾರು ಅರ್ಧದಷ್ಟನ್ನು ಕಡಿಯಬೇಕು. 3ರಿಂದ 5 ವರ್ಷ ಬೇರು ಬಲಿಯಲು ಬಿಡಬೇಕು. ಆಮೇಲೆ ವಸಂತದಲ್ಲಿ, ಎಲೆ ಬಿಚ್ಚುತ್ತಿರುವಾಗ ಸುಡಬೇಕು. ಆಗ ಪ್ರತಿಸ್ಪರ್ಧಿ ಮರಗಳು ಬೇರಿನ ಸಂಗ್ರಹವನ್ನು ಚಿಗುರಿಗೆ ಖರ್ಚು ಮಾಡಿರುತ್ತವೆ; ಓಕ್ ತಡವಾಗಿ ಎಲೆ ಬಿಡುತ್ತದೆ.

ಕೆಡುವುದು ಎರಡು ಕಡೆ. ಕಡಿದ ಟೊಂಗೆ ಉಳಿಸಿದ ಮರದ ಬುಡದಲ್ಲೇ ಬಿದ್ದಿದ್ದರೆ ಒಳ್ಳೆಯ ಮರವೂ ಬೇಯುತ್ತದೆ. ಸುಡುವ ಮೊದಲು ಎಳೆದು ದೂರ ಹಾಕಬೇಕು. ಕಾಯಿ ಹೇರಳವಾಗಿ ಉದುರಿದ ಬೆನ್ನಿಗೇ ಸುಟ್ಟರೆ ತರಗೆಲೆಯಲ್ಲಿರುವ ಕಾಯಿಗಳೂ ಹೋಗುತ್ತವೆ. ಇನ್ನು ಬಲಿತ ದೊಡ್ಡ ಮೇಪಲ್‌ಗೆ ನೆಲದ ಸಣ್ಣ ಬೆಂಕಿ ಸಾಲುವುದಿಲ್ಲ. ಅದನ್ನು ಕಡಿಯಬೇಕು, ಇಲ್ಲವೇ ಸುತ್ತ ತೊಗಟೆ ತೆಗೆದು ಒಣಗಿಸಬೇಕು.