ಮೀನಿನ ಹೃದಯಕ್ಕೆ ಸಾಧ್ಯವಾದದ್ದು ನಮಗೇಕೆ ಆಗದು?

ಪ್ರಶ್ನೆ: ಕಳೆದ ವರ್ಷ ನಮ್ಮ ತಂದೆಯವರಿಗೆ ಹೃದಯಾಘಾತವಾಯಿತು. ಹಾನಿಯಾದ ಭಾಗ ಇನ್ನು ಮೊದಲಿನಂತಾಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಆದರೆ ಒಂದು ಮೀನಿನ ಹೃದಯವನ್ನು ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ ಎಂದು ಓದಿದೆ. ಇದು ನಿಜವೇ? ನಿಜವಾದರೆ ಮನುಷ್ಯರಲ್ಲಿ ಏಕಿಲ್ಲ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ. ನೀವು ಓದಿರುವುದು ಜೀಬ್ರಾ ಮೀನಿನ ವಿಷಯವಿರಬೇಕು. ಬೆರಳುದ್ದದ ಈ ಪಟ್ಟೆಮೀನು ನಮ್ಮ ಉಪಖಂಡದ ಹಳ್ಳಕೊಳ್ಳಗಳದ್ದೇ. 1822ರಲ್ಲಿ ಇದನ್ನು ಮೊದಲು ವಿವರಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್, ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನೆಲ್ಲ ಸುತ್ತಿ ವರದಿ ಬರೆದ ಬುಕಾನನ್ ಅವರೇ ಎಂಬುದು ಕನ್ನಡಿಗರಿಗೆ ಕುತೂಹಲ ಮೂಡಿಸಬಹುದು.

2002ರಲ್ಲಿ ಬಾಸ್ಟನ್‌ನ ಕೆನೆತ್ ಪಾಸ್, ಮಾರ್ಕ್ ಕೀಟಿಂಗ್ ಮತ್ತು ಸಂಗಡಿಗರು ಈ ಮೀನಿನ ಹೃತ್ಕುಕ್ಷಿಯ (ಹೃದಯದಿಂದ ರಕ್ತವನ್ನು ಹೊರಗೆ ತಳ್ಳುವ ಕೋಣೆ) ಸುಮಾರು ಶೇ. 20ರಷ್ಟನ್ನು ಕತ್ತರಿಸಿ ತೆಗೆದರು. ರಕ್ತ ಹೆಪ್ಪುಗಟ್ಟಿ ಗಾಯ ಮುಚ್ಚಿಕೊಂಡಿತು. ಎರಡು ತಿಂಗಳಲ್ಲಿ ಆ ಜಾಗದಲ್ಲಿ ಮಿಡಿಯುವ ಸ್ನಾಯುವೇ ಬೆಳೆದು ನಿಂತಿತು. ಈ ಹೊಸ ಸ್ನಾಯು ಎಲ್ಲಿಂದ ಬಂತು ಎಂಬುದೇ ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ಎಲ್ಲೋ ಅಡಗಿದ್ದ, ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳು ಈ ಕೆಲಸ ಮಾಡಿರಬೇಕೆಂಬ ಊಹೆಯಿತ್ತು. ಆದರೆ ಗಾಯದ ಅಕ್ಕಪಕ್ಕದಲ್ಲಿ ಅದುವರೆಗೂ ಮಿಡಿಯುತ್ತಿದ್ದ ಸಾಮಾನ್ಯ ಸ್ನಾಯುಕೋಶಗಳೇ ತಮ್ಮೊಳಗಿನ ಸಂಕೋಚನದ ಎಳೆಗಳನ್ನು ಭಾಗಶಃ ಸಡಿಲಿಸಿಕೊಂಡು, ಎಳೆಯ ಸ್ಥಿತಿಗೆ ಹಿಂದಿರುಗಿ, ವಿಭಜನೆಗೊಂಡು ಆ ಜಾಗವನ್ನು ತುಂಬುತ್ತವೆ ಎಂಬುದನ್ನು 2010ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು.

ಸಸ್ತನಿಗಳಿಗೂ ಈ ಶಕ್ತಿ ಪೂರ್ತಿಯಾಗಿ ಇಲ್ಲವೆಂದಲ್ಲ. ಹುಟ್ಟಿ ಒಂದೇ ದಿನವಾದ ಇಲಿಮರಿಯ ಹೃದಯದ ತುದಿಯನ್ನು ಕತ್ತರಿಸಿದರೆ ಅದು ಮೂರು ವಾರಗಳಲ್ಲಿ ಮರಳಿ ಬೆಳೆಯುತ್ತದೆ ಎಂದು 2011ರಲ್ಲಿ ಅಮೆರಿಕದ ಡಲ್ಲಾಸ್‌ನ ಸಂಶೋಧಕರು ಕಂಡುಕೊಂಡರು. ಏಳು ದಿನದ ಮರಿಯಲ್ಲಿ ಮಾತ್ರ ಗಾಯದ ಕಲೆಯಷ್ಟೇ ಉಳಿಯುತ್ತದೆ. ಆ ಒಂದು ವಾರದೊಳಗೆ ಇಲಿಯ ಹೆಚ್ಚಿನ ಹೃದಯಕೋಶಗಳು ಎರಡೆರಡು ಕೋಶಕೇಂದ್ರಗಳನ್ನು ಪಡೆದು ವಿಭಜನೆಯನ್ನು ನಿಲ್ಲಿಸಿಬಿಡುತ್ತವೆ; ಉಸಿರಾಟ ಆರಂಭವಾದೊಡನೆ ರಕ್ತದಲ್ಲಿ ಏರುವ ಆಮ್ಲಜನಕವೂ ಇದಕ್ಕೆ ಒಂದು ಕಾರಣವೆಂದು ಪ್ರಯೋಗಗಳು ಸೂಚಿಸಿವೆ.

ಮನುಷ್ಯರಲ್ಲೂ ಹೃದಯಕೋಶಗಳ ನವೀಕರಣ ಸಂಪೂರ್ಣವಾಗಿ ನಿಂತಿರುವುದಿಲ್ಲ. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಇಂಗಾಲ–14 ಎಂಬ ವಿಕಿರಣಶೀಲ ಇಂಗಾಲದ ಜಾಡು ಹಿಡಿದು ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಲೆಕ್ಕ ಹಾಕಿದ ಪ್ರಕಾರ, 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ. 75ರ ಹೊತ್ತಿಗೆ ಅದು ಅರ್ಧಕ್ಕೂ ಕಡಿಮೆಯಾಗುತ್ತದೆ. ದೊಡ್ಡ ಹೃದಯಾಘಾತವೊಂದರಲ್ಲಿ ನೂರು ಕೋಟಿಯಷ್ಟು ಕೋಶಗಳು ಸಾಯಬಹುದಾದ್ದರಿಂದ ಈ ವೇಗ ಏನೇನೂ ಸಾಲದು. ಅಲ್ಲಿ ನಾರಿನ ಕಲೆ ಬೇಗ ಕಟ್ಟಿಕೊಂಡು ಹೃದಯದ ಗೋಡೆ ಒಡೆಯದಂತೆ ಕಾಯುತ್ತದೆ, ಆದರೆ ಆ ಕಲೆ ಮಿಡಿಯಲಾರದು.

ಕೋಶಗಳನ್ನು ಬಲವಂತವಾಗಿ ವಿಭಜಿಸುವಂತೆ ಮಾಡುವುದೂ ಅಪಾಯವೇ. ಹೃದಯಾಘಾತಕ್ಕೊಳಗಾದ ಹಂದಿಗಳಿಗೆ ಮೈಕ್ರೋಆರ್‌ಎನ್‌ಎ (ವಂಶವಾಹಿಗಳ ಕೆಲಸವನ್ನು ನಿಯಂತ್ರಿಸುವ ಪುಟ್ಟ ಅಣು) ಒಂದನ್ನು ನೀಡಿದ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು: ಅವುಗಳ ಸ್ನಾಯು ಬೆಳೆಯಿತು, ಕಲೆ ಕುಗ್ಗಿತು, ಆದರೆ ವಿಭಜನೆ ಹದ್ದುಮೀರಿದ್ದರಿಂದ ಅವುಗಳಲ್ಲಿ ಹೆಚ್ಚಿನವು ಹೃದಯದ ಲಯ ತಪ್ಪಿ ಹಠಾತ್ತನೆ ಸತ್ತವು.

ಆದ್ದರಿಂದ ನಿಮ್ಮ ವೈದ್ಯರು ಹೇಳಿದ್ದು ಸರಿಯಾಗಿಯೇ ಇದೆ. ಹೃದಯವನ್ನು ಮತ್ತೆ ಬೆಳೆಸುತ್ತೇವೆಂದು ಕಾಂಡಕೋಶದ ಚುಚ್ಚುಮದ್ದು ಮಾರುವವರಿಗೆ ದಯವಿಟ್ಟು ಹಣ ಕೊಡಬೇಡಿ. ತಂದೆಯವರಿಗೆ ಬರೆದುಕೊಟ್ಟಿರುವ ಔಷಧಿಗಳು ಉಳಿದಿರುವ ಸ್ನಾಯುವಿನ ಮೇಲಿನ ಹೊರೆ ತಗ್ಗಿಸಲು ಮತ್ತು ಇನ್ನೊಂದು ಆಘಾತವನ್ನು ತಡೆಯಲು ನೆರವಾಗುತ್ತವೆ. ಅವರು ಚೆನ್ನಾಗಿದ್ದಾರೆ ಎನಿಸಿದಾಗಲೂ ವೈದ್ಯರನ್ನು ಕೇಳದೆ ಅವುಗಳನ್ನು ನಿಲ್ಲಿಸಬೇಡಿ.