ಹೊಟ್ಟೆಗೆ ಹಾಕಿಕೊಳ್ಳಬೇಡಿ, ಹೇಳಿಬಿಡಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ನಾಲ್ಕು ತಿಂಗಳಾಗಿದೆ, ಒಂಬತ್ತು ಜನರ ತಂಡ ನಿಮ್ಮ ಕೈಗೆ ಬಂದಿದೆ. ಹೋದ ವಾರದ ಸಭೆಯಲ್ಲಿ ನಿಮಗಿಂತ ಹತ್ತು ವರ್ಷ ಚಿಕ್ಕವನಾದ ಡಚ್ ಎಂಜಿನಿಯರ್ ಎಲ್ಲರ ಎದುರಿಗೇ "ಈ ಯೋಜನೆ ನಡೆಯುವುದಿಲ್ಲ, ವಾರಗಳ ಲೆಕ್ಕ ತಪ್ಪಿದೆ" ಎಂದುಬಿಟ್ಟ. ಅದೇ ಸಂಜೆ ನಿಮ್ಮ ಮೇಲಧಿಕಾರಿ "ನನ್ನ ಕೆಲಸದಲ್ಲಿ ಏನು ಸರಿಯಿಲ್ಲ, ಮುಂದಿನ ಭೇಟಿಗೆ ಯೋಚಿಸಿಕೊಂಡು ಬಾ" ಎಂದರು. ನೀವು ನಯವಾಗಿ ಹೇಳಿದ ಮಾತನ್ನು ಮಾತ್ರ ತಂಡದ ಇನ್ನೊಬ್ಬಳು ಕಿವಿಗೇ ಹಾಕಿಕೊಳ್ಳಲಿಲ್ಲ. "ಅಕ್ಕ, ಇಲ್ಲಿ ನನಗೆ ಗೌರವವೇ ಇಲ್ಲವೇ?" ಎಂದು ಕೇಳಿದ್ದೀರಿ. ಅಕ್ಕ ಎಂದು ಕರೆದಿದ್ದೀರಿ, ಆದ್ದರಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನಾನು ಈ ಊರಿಗೆ ಬಂದದ್ದು 2009ರಲ್ಲಿ. ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು 2016ರಲ್ಲಿ, ಒಬ್ಬ ಒಳ್ಳೆಯ ಹುಡುಗನ ಮನಸ್ಸು ನೋಯಿಸಿದ ಮೇಲೆ.

ಮೊದಲು ಗೌರವದ ಮಾತು. ಡಚ್ ಭಾಷೆಯಲ್ಲೂ ನಮ್ಮ ಹಾಗೆ ನೀನು, ನೀವು ಎರಡೂ ಇವೆ. "ಯೆ" ಎಂದರೆ ನೀನು, "ಯೂ" ಎಂದರೆ ನೀವು. ಆದರೆ ಕಚೇರಿಯಲ್ಲಿ ಹೊಸದಾಗಿ ಸೇರಿದವನೂ ನಿರ್ದೇಶಕರನ್ನು "ಯೆ" ಎಂದೇ, ಹೆಸರು ಹಿಡಿದೇ ಮಾತನಾಡಿಸುತ್ತಾನೆ. ನಮ್ಮ ಕಿವಿಗೆ ಅದು ಏಕವಚನವಾಗಿ ಚುಚ್ಚುತ್ತದೆ, ಅವರಿಗೆ ಅದು ಸಲುಗೆ. ಹಾರ್ಲೆಮ್‌ನಲ್ಲಿ ಹುಟ್ಟಿದ ಖೇರ್ಟ್ ಹೋಫ್‌ಸ್ಟೇಡ ಎಂಬ ಡಚ್ ವಿದ್ವಾಂಸರು ಐಬಿಎಂ ನೌಕರರ ಉತ್ತರಗಳನ್ನು ದೇಶ ದೇಶಗಳ ನಡುವೆ ಹೋಲಿಸಿ, ಮೇಲಿನವರ ಅಧಿಕಾರವನ್ನು ಕೆಳಗಿನವರು ಎಷ್ಟರ ಮಟ್ಟಿಗೆ ಸಹಜವೆಂದು ಒಪ್ಪುತ್ತಾರೆ ಎಂಬುದಕ್ಕೆ ಒಂದು ಅಳತೆ ಕೊಟ್ಟರು. ಆ ಅಳತೆಯಲ್ಲಿ ಭಾರತಕ್ಕೆ 77, ನೆದರ್‌ಲ್ಯಾಂಡ್ಸ್‌ಗೆ 38. ಒಬ್ಬೊಬ್ಬ ಮನುಷ್ಯನನ್ನು ಅಳೆಯಲು ಈ ಅಂಕಿ ಸಾಲದು. ಆದರೂ ನಿಮ್ಮ ಸಭೆಯಲ್ಲಿ ಆದದ್ದು ಅರ್ಥವಾಗಲು ಇಷ್ಟು ಸಾಕು. ಆ ಹುಡುಗ ತಪ್ಪು ಎಂದದ್ದು ಲೆಕ್ಕವನ್ನು, ನಿಮ್ಮನ್ನಲ್ಲ. ಅವನ ಮನಸ್ಸಿನಲ್ಲಿ ಇವೆರಡೂ ಬೇರೆ ಬೇರೆ ಕೋಣೆಗಳು. ಸಭೆ ಮುಗಿದ ಮೇಲೆ ಅವನೇ ನಿಮಗೆ ಕಾಫಿ ತಂದುಕೊಟ್ಟ ಎಂದು ನೀವೇ ಬರೆದಿದ್ದೀರಲ್ಲ!

ಈ ದೇಶದ ಕಾಲು ಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಕಟ್ಟೆಗಳನ್ನೂ ಕಾಲುವೆಗಳನ್ನೂ ನೋಡಿಕೊಳ್ಳುವ ನೀರಿನ ಮಂಡಳಿಗಳು 13ನೆಯ ಶತಮಾನದಿಂದ ಇವೆ. ಕಟ್ಟೆಯಲ್ಲಿ ಬಿರುಕು ಕಂಡವನು ಸುಮ್ಮನಿದ್ದರೆ ಜಮೀನ್ದಾರನ ಹೊಲವೂ ಕೂಲಿಯವನ ಗುಡಿಸಲೂ ಒಟ್ಟಿಗೆ ಮುಳುಗುತ್ತವೆ. ಇಲ್ಲಿನವರ ನೇರ ಮಾತಿಗೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಆದರೆ ಸಭೆಯಲ್ಲಿ ಯಾರಾದರೂ ನನ್ನ ಮಾತಿಗೆ ಅಡ್ಡ ಬಂದಾಗ ನಾನು ಆ ಬಿರುಕನ್ನು ನೆನೆಯುತ್ತೇನೆ. ಅಂದ ಹಾಗೆ, ನಮ್ಮ ಐಂಡ್‌ಹೋವನ್ ಇರುವ ಬ್ರಾಬಾಂಟ್ ಪ್ರಾಂತ್ಯದವರು ಮೃದು ಎಂದು ಡಚ್ಚರೇ ಹೇಳುತ್ತಾರೆ. ನಾಳೆ ಆಮ್‌ಸ್ಟರ್‌ಡ್ಯಾಮ್ ಕಡೆ ಕೆಲಸಕ್ಕೆ ಹೋದರೆ ಇದಕ್ಕಿಂತ ಕಡ್ಡಿ ಮುರಿದ ಹಾಗೆ ಮಾತನಾಡುವವರು ಸಿಗುತ್ತಾರೆ.

ಈಗ ನನ್ನ ಕಥೆ. ತಂಡದಲ್ಲಿ ಒಬ್ಬ ಪರೀಕ್ಷಾ ಎಂಜಿನಿಯರ್ ಇದ್ದ. ಯಂತ್ರದ ಬಿಡಿಭಾಗ ಬಿಸಿಯಾದಾಗ ಎಷ್ಟು ಹಿಗ್ಗುತ್ತದೆ ಎಂದು ಅಳೆದು ವರದಿ ಕೊಡುವುದು ಅವನ ಕೆಲಸ. ಅಳತೆಯಲ್ಲಿ ಅವನ ಕೈ ಬಲು ಚೊಕ್ಕ. ಆದರೆ ವರದಿಯ ಮೂರನೆಯ ಪುಟದ ಕೋಷ್ಟಕದಲ್ಲಿ ಬರೀ ಅಂಕಿಗಳಿರುತ್ತಿದ್ದವು, ಅವು ಮೈಕ್ರಾನೋ ಮಿಲಿಮೀಟರೋ ಎಂಬುದು ಇರುತ್ತಿರಲಿಲ್ಲ. ಅಳೆಯುವಾಗ ಕೋಣೆಯ ಉಷ್ಣಾಂಶ ಎಷ್ಟಿತ್ತು ಎಂಬ ಕಾಲಮ್ ಖಾಲಿ. ನಾನು ರಾತ್ರಿ ಮಗಳನ್ನು ಮಲಗಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಅವನ ಟಿಪ್ಪಣಿ ಪುಸ್ತಕದ ಫೋಟೋ ನೋಡಿಕೊಂಡು ಆ ಕಾಲಮ್ ತುಂಬುತ್ತಿದ್ದೆ. ಅವನ ಮನೆಯಲ್ಲಿ ಆಗಷ್ಟೇ ಮಗು ಹುಟ್ಟಿತ್ತು, ಪಾಪ, ನಿದ್ದೆಯಿಲ್ಲ ಎಂದುಕೊಳ್ಳುತ್ತಿದ್ದೆ. ಇನ್ನೊಬ್ಬರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು ದೊಡ್ಡವರ ಲಕ್ಷಣ ಎಂದು ಕೇಳುತ್ತ ಬೆಳೆದವಳು ನಾನು. ನಡುವೆ ಎರಡು ಸಲ ಅವನಿಗೆ ಹೇಳಿದ್ದೇನೆ ಎಂದೇ ನಂಬಿದ್ದೆ. ನಾನು ಹೇಳಿದ್ದು: "ವರದಿ ಚೆನ್ನಾಗಿದೆ, ಸಮಯ ಸಿಕ್ಕರೆ ಕೋಷ್ಟಕವನ್ನು ಇನ್ನೊಮ್ಮೆ ನೋಡು." ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಅವನು ಕೇಳಿಸಿಕೊಂಡದ್ದು "ವರದಿ ಚೆನ್ನಾಗಿದೆ" ಎಂಬುದನ್ನು. ಸಮಯ ಅವನಿಗೆ ಸಿಗಲಿಲ್ಲ.

ಡಿಸೆಂಬರ್‌ನ ವಾರ್ಷಿಕ ಮೌಲ್ಯಮಾಪನದಲ್ಲಿ ಅವನ ಹೆಸರಿನ ಮುಂದೆ "ನಿರೀಕ್ಷೆಗಿಂತ ಕಡಿಮೆ" ಎಂದು ಬರೆದೆ. ಅವನು ಕಾಗದವನ್ನು ಓದಿದ, ಮೇಜಿನ ಮೇಲಿಟ್ಟ, ಅದರ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿದ. ಆಮೇಲೆ ಕೇಳಿದ: "ಇದು ನಿನಗೆ ಎಂಟು ತಿಂಗಳಿಂದ ಗೊತ್ತಿತ್ತು. ದಿನಾ ಬೆಳಿಗ್ಗೆ ಒಟ್ಟಿಗೆ ಕಾಫಿ ಕುಡಿದಿದ್ದೇವೆ. ನನಗೆ ಯಾಕೆ ಹೇಳಲಿಲ್ಲ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮೋಸ ಹೋದವನ ನೋವಿತ್ತು. ನನ್ನ ಕರುಣೆ ಅವನಿಗೆ ಮೋಸವಾಗಿ ಕಂಡಿತ್ತು. ಅವನು ಹೇಳಿದ್ದೇ ಸರಿ. ತಿದ್ದಿಕೊಳ್ಳುವ ಅವಕಾಶವನ್ನು ಎಂಟು ತಿಂಗಳು ಅವನಿಂದ ಕಿತ್ತುಕೊಂಡು, ಕೊನೆಗೆ ಶಿಕ್ಷೆಯನ್ನು ಮಾತ್ರ ಕೊಟ್ಟಿದ್ದೆ.

ಮರುದಿನ ಮಾನವ ಸಂಪನ್ಮೂಲ ವಿಭಾಗದವರು "ಬರವಣಿಗೆಯಲ್ಲಿ ಏನಿದೆ?" ಎಂದು ಕೇಳಿದರು. ಏನೂ ಇರಲಿಲ್ಲ. ಆ ಅಂಕವನ್ನು ಹಿಂದಕ್ಕೆ ಪಡೆದೆ, ಅವನ ಕ್ಷಮೆ ಕೇಳಿದೆ. ಪ್ರತಿ ಮಂಗಳವಾರ ಅರ್ಧ ಗಂಟೆ ಕುಳಿತು ಒಂದೊಂದು ವರದಿಯನ್ನು ಒಟ್ಟಿಗೆ ನೋಡತೊಡಗಿದೆವು. ಮೂರನೆಯ ವರದಿಯಿಂದ ಆ ಕಾಲಮ್ ಖಾಲಿಯಾಗಿರಲಿಲ್ಲ. ನಾಲ್ಕೇ ವಾರದ ಕೆಲಸ!

ಇದರಲ್ಲಿ ಕಾನೂನಿನ ಮಾತೂ ಇದೆ, ನಾಯಕಿಯಾದವಳಿಗೆ ಗೊತ್ತಿರಲೇಬೇಕಾದದ್ದು. 2015ರ ಜುಲೈಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಕೆಲಸ ಸರಿಯಿಲ್ಲ ಎಂಬ ಕಾರಣಕ್ಕೆ ಒಬ್ಬರನ್ನು ತೆಗೆಯಬೇಕಾದರೆ ಅವರಿಗೆ ಅದನ್ನು ಸಕಾಲದಲ್ಲಿ ತಿಳಿಸಿರಬೇಕು, ಸುಧಾರಿಸಿಕೊಳ್ಳಲು ತಕ್ಕಷ್ಟು ಅವಕಾಶ ಕೊಟ್ಟಿರಬೇಕು. ಕಡತದಲ್ಲಿ ಅದು ಕಾಣದಿದ್ದರೆ ನ್ಯಾಯಾಧೀಶರು ಕಂಪನಿಯ ಮಾತನ್ನು ಒಪ್ಪುವುದಿಲ್ಲ. ಬಹಳ ಕಚೇರಿಗಳಲ್ಲಿ ಎರಡು ಬಗೆಯ ಮಾತುಕತೆಗಳಿವೆ. "ಫಂಕ್ಷೋನೇರಿಂಗ್ಸ್‌ಗೆಸ್ಪ್ರೆಕ್" ಎನ್ನುವುದು ಇಬ್ಬರೂ ಇಬ್ಬರ ಕೆಲಸದ ಬಗ್ಗೆ ಮಾತನಾಡುವುದು. "ಬೆಊರ್ಡೇಲಿಂಗ್ಸ್‌ಗೆಸ್ಪ್ರೆಕ್" ಎನ್ನುವುದು ಮೇಲಿನವರು ತೀರ್ಪು ಹೇಳುವುದು. ನಿಮ್ಮ ಮೇಲಧಿಕಾರಿ ಕರೆದಿರುವುದು ಮೊದಲನೆಯದಕ್ಕೆ. ಅದರಲ್ಲಿ ಬಲೆಯಿಲ್ಲ.

ಅಲ್ಲಿ "ಎಲ್ಲಾ ಚೆನ್ನಾಗಿದೆ" ಎನ್ನಬೇಡಿ. ನನ್ನ ಮೊದಲ ಭೇಟಿಯಲ್ಲಿ ಹಾಗೆಯೇ ಅಂದಿದ್ದೆ, ಇವಳಿಗೆ ಅಭಿಪ್ರಾಯವೇ ಇಲ್ಲ ಎಂದು ಅವರು ತಿಳಿದರು. ಒಂದೇ ಒಂದು ನಿಜವಾದ ಸಂಗತಿ ತೆಗೆದುಕೊಂಡು ಹೋಗಿ. "ಕಳೆದ ತಿಂಗಳು ಎರಡು ಸಲ ಆದ್ಯತೆ ಬದಲಾಯಿತು, ನನಗೆ ಗೊತ್ತಾದದ್ದು ಶುಕ್ರವಾರ ಸಂಜೆ, ಮುಂದೆ ಬುಧವಾರದೊಳಗೆ ತಿಳಿಸಿ" ಎಂದರೆ ಸಾಕು. ನಿಮ್ಮ ಬಗ್ಗೆ ಅವರು ಏನಾದರೂ ಹೇಳಿದಾಗ ಕಾರಣ ಕೊಡಲು ಬಾಯಿ ತುರಿಸುತ್ತದೆ, ತಡೆದುಕೊಳ್ಳಿ. "ಯಾವಾಗ ಹಾಗೆ ಅನಿಸಿತು?" ಎಂದು ಕೇಳಿ, ಬರೆದುಕೊಳ್ಳಿ. ಒಪ್ಪುವುದೋ ಬಿಡುವುದೋ ಎರಡು ದಿನ ಬಿಟ್ಟು ಹೇಳಬಹುದು.

ಇಲ್ಲಿನ ಮಕ್ಕಳು ಇದನ್ನು ಪ್ರಾಥಮಿಕ ಶಾಲೆಯಲ್ಲೇ ಕಲಿಯುತ್ತಾರೆ. ನನ್ನ ಮಗಳು ಒಂಬತ್ತು ವರ್ಷದವಳಿದ್ದಾಗ ತರಗತಿಯ ಮುಂದೆ ರೇಷ್ಮೆಯ ಬಗ್ಗೆ ಮಾತನಾಡಿದಳು. ರಾಮನಗರದ ಅಜ್ಜಿ ಕೊಟ್ಟ ನಾಲ್ಕು ಒಣ ಗೂಡುಗಳನ್ನು ಬೆಂಕಿಪೊಟ್ಟಣದಲ್ಲಿ ಒಯ್ದಿದ್ದಳು. ಮಾತು ಮುಗಿದ ಮೇಲೆ ಗೆಳೆಯರು "ಟಾಪ್" ಮತ್ತು "ಟಿಪ್" ಹೇಳಬೇಕು, ಅಂದರೆ ಚೆನ್ನಾಗಿದ್ದದ್ದು ಒಂದು, ಮುಂದಿನ ಸಲಕ್ಕೆ ಸಲಹೆ ಒಂದು. ರಾತ್ರಿ ಅನ್ನ ಸಾರು ಉಣ್ಣುತ್ತ ಅವಳೇ ಹೇಳಿದಳು: "ಗೂಡು ಮುಟ್ಟಲು ಕೊಟ್ಟದ್ದು ಟಾಪ್ ಅಂತೆ. ನಾನು ಕಾಗದವನ್ನೇ ನೋಡುತ್ತಿದ್ದೆನಂತೆ, ಅದು ಟಿಪ್." ನನ್ನ ಎದೆ ಚುರುಕ್ಕೆಂದಿತು. ಅವಳು ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು.

ನೇರ ಮಾತು ಎಂದರೆ ಎಲ್ಲವನ್ನೂ ಎಲ್ಲರ ಮುಂದೆ ಆಡುವುದಲ್ಲ. ಯೋಜನೆಯನ್ನು ಸಭೆಯಲ್ಲಿ ಟೀಕಿಸಬಹುದು, ಒಬ್ಬರ ಕೆಲಸದ ರೀತಿಯನ್ನು ಬಾಗಿಲು ಮುಚ್ಚಿಯೇ ಮಾತನಾಡಬೇಕು. ಯಾರಾದರೂ ಅನಾರೋಗ್ಯವೆಂದು ರಜೆ ಹಾಕಿದರೆ ಏನು ಕಾಯಿಲೆ ಎಂದು ಕೇಳಬೇಡಿ. ನಮಗೆ ಅದು ಕಾಳಜಿ, ಇಲ್ಲಿ ಉದ್ಯೋಗದಾತರು ಕೇಳುವಂತಿಲ್ಲ, ಅದು ಕಂಪನಿಯ ವೈದ್ಯರಿಗೆ ಬಿಟ್ಟ ವಿಷಯ. ಇನ್ನು ನಿಮ್ಮ ತಂಡದ ಮೂವರು ಬೆಂಗಳೂರಿನಲ್ಲಿದ್ದಾರೆ ಎಂದಿರಿ. ಅವರಿಗೆ ವಿಡಿಯೊ ಸಭೆಯಲ್ಲಿ ಡಚ್ಚರ ಎದುರು ತಪ್ಪು ತೋರಿಸಬೇಡಿ. ಒಬ್ಬೊಬ್ಬರಿಗೇ ಬೇರೆಯಾಗಿ ಕರೆ ಮಾಡಿ, ಆದರೆ ಹೇಳುವ ವಿಷಯವನ್ನು ಮಾತ್ರ ತೆಳುವಾಗಿಸಬೇಡಿ. ಅವರು "ಆಗಲಿ" ಎಂದರೆ ಒಪ್ಪಿದರು ಎಂದಲ್ಲ ಎಂಬುದು ನಿಮಗೂ ನನಗೂ ಚೆನ್ನಾಗಿ ಗೊತ್ತು, ಡಚ್ಚರಿಗೆ ಗೊತ್ತಿಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳುವುದೂ ನಿಮ್ಮ ಕೆಲಸ.

ನಿಮ್ಮ ಮಾತನ್ನು ಕಿವಿಗೆ ಹಾಕಿಕೊಳ್ಳದ ಆ ವಿನ್ಯಾಸಕಿಯ ವಿಷಯಕ್ಕೆ ಬರುತ್ತೇನೆ. ನೀವು ಅವಳಿಗೆ ಹೇಳಿದ್ದನ್ನು ಪತ್ರದಲ್ಲಿ ಬರೆದಿದ್ದೀರಿ: "ನಕ್ಷೆಗಳು ತುಂಬಾ ಚೆನ್ನಾಗಿವೆ, ಆದರೆ ಪರಿಶೀಲನೆಗೆ ಸ್ವಲ್ಪ ಬೇಗ ಬಂದರೆ ಇನ್ನೂ ಒಳ್ಳೆಯದಿತ್ತೇನೋ." ಇದನ್ನು ಓದಿದಾಗ ನನ್ನ ಹಳೆಯ ವಾಕ್ಯವನ್ನೇ ಕೇಳಿದ ಹಾಗಾಯಿತು. ಅವಳು ನಿಮ್ಮನ್ನು ಕಡೆಗಣಿಸಿಲ್ಲ. ನೀವು ಇನ್ನೂ ಹೇಳಿಯೇ ಇಲ್ಲ. ನಾಳೆ ಬೆಳಿಗ್ಗೆ ಹೋಗಿ, "ನಿನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಲೇ?" ಎಂದು ಕೇಳಿ, ಇಷ್ಟು ಹೇಳಿ: "ಈ ತಿಂಗಳು ಮೂರು ನಕ್ಷೆಗಳು ಪರಿಶೀಲನೆಗೆ ಎರಡು ದಿನ ತಡವಾಗಿ ಬಂದವು. ಅದರಿಂದ ಮಾದರಿ ಮಾಡುವವರು ಕೈಕಟ್ಟಿ ಕುಳಿತರು. ಮುಂದಿನ ನಕ್ಷೆ ನನಗೆ ಸೋಮವಾರ ಮಧ್ಯಾಹ್ನದೊಳಗೆ ಬೇಕು. ಅದಕ್ಕೆ ನನ್ನಿಂದ ಏನಾಗಬೇಕು?" ಕೊನೆಯ ಪ್ರಶ್ನೆಯ ನಂತರ ಸುಮ್ಮನಿರಿ, ಎಷ್ಟು ಹೊತ್ತಾದರೂ ಸರಿ, ಅವಳು ಮಾತನಾಡಲಿ. ತಡವಾಗಲು ನೀವೇ ಕಾರಣ ಎಂದರೂ ಹೇಳಬಹುದು, ಆಗಲೂ ಕೇಳಿಸಿಕೊಳ್ಳಿ. ಸಂಜೆ ಮನೆಗೆ ಹೊರಡುವ ಮೊದಲು, ಇಬ್ಬರೂ ಒಪ್ಪಿದ್ದನ್ನು ಎರಡು ಸಾಲಿನಲ್ಲಿ ಅವಳಿಗೆ ಇಮೇಲ್ ಮಾಡಿ.