ಫೋನಿಗೆ ಬೀಗವೂ ಇರಲಿ, ಆಪತ್ತಿಗೆ ಒಂದು ಹೆಸರೂ ಕಾಣಲಿ

ಪ್ರಶ್ನೆ: ನನಗೆ ಮಧುಮೇಹವಿದೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಪ್ರತಿದಿನ ಬೆಳಿಗ್ಗೆ ಒಬ್ಬಳೇ ನಡೆಯಲು ಹೋಗುತ್ತೇನೆ. ದಾರಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದರೆ ಫೋನ್ ತೆರೆಯಲಾಗದೆ ಯಾರೂ ಮನೆಗೆ ತಿಳಿಸಲಾರರು, ಆದ್ದರಿಂದ ಅದರ ಲಾಕ್ ತೆಗೆದುಬಿಡು ಎಂದು ಮಗ ಹೇಳುತ್ತಿದ್ದಾನೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ತೆಗೆಯಬೇಡಿ. ನಿಮ್ಮ ಮಗನ ಆತಂಕ ನ್ಯಾಯವಾದದ್ದೇ, ಆದರೆ ಅದಕ್ಕೆ ಪರಿಹಾರ ಫೋನಿನೊಳಗೇ ಇದೆ. ಬ್ರಿಟನ್ನಿನ ಆಂಬುಲೆನ್ಸ್ ಸಿಬ್ಬಂದಿ ಬಾಬ್ ಬ್ರಾಚಿ ಅವರು 2005ರಲ್ಲಿ ಒಂದು ಸರಳ ಉಪಾಯವನ್ನು ಪ್ರಚಾರಕ್ಕೆ ತಂದರು. ಆಪ್ತರೊಬ್ಬರ ಸಂಖ್ಯೆಯನ್ನು ‘ಐಸಿಇ’, ಅಂದರೆ ‘ಇನ್ ಕೇಸ್ ಆಫ್ ಎಮರ್ಜೆನ್ಸಿ’ ಎಂಬ ಹೆಸರಿನಲ್ಲಿ ಉಳಿಸಿಟ್ಟರೆ, ಗಾಯಾಳುವಿನ ಫೋನ್ ಕೈಗೆತ್ತಿಕೊಂಡವರಿಗೆ ಯಾರನ್ನು ಕರೆಯಬೇಕೆಂಬುದು ಕೂಡಲೇ ತಿಳಿಯುತ್ತಿತ್ತು. ಆ ದಿನಗಳಲ್ಲಿ ಬಹುತೇಕ ಫೋನುಗಳಿಗೆ ಲಾಕ್ ಇರುತ್ತಿರಲಿಲ್ಲವಾದ್ದರಿಂದ ಅದು ಚೆನ್ನಾಗಿಯೇ ನಡೆಯಿತು. ಇಂದು ಆ ಹೆಸರನ್ನು ಉಳಿಸಿಟ್ಟವರು ಈಗಲೂ ಅನೇಕರಿದ್ದಾರೆ. ಆದರೆ ಲಾಕ್ ಆದ ಫೋನಿನ ಒಳಗಿರುವ ಆ ಹೆಸರು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ.

ಈ ಕೊರತೆಯನ್ನು ತುಂಬಲೆಂದೇ ಐಫೋನಿನಲ್ಲಿ 2014ರಿಂದ ‘ಮೆಡಿಕಲ್ ಐಡಿ’ ಎಂಬ ಸೌಲಭ್ಯವಿದೆ. ಆಂಡ್ರಾಯ್ಡ್‌ನಲ್ಲಿ ಅಂಥದೇ ವ್ಯವಸ್ಥೆ 2016ರಲ್ಲಿ ಬಂದಿತು. ಐಫೋನ್ ಇರುವವರು ‘ಹೆಲ್ತ್’ ಆ್ಯಪ್‌ನಲ್ಲಿ ಮೆಡಿಕಲ್ ಐಡಿಯನ್ನು ತುಂಬಿ, ‘ಲಾಕ್ ಆಗಿದ್ದಾಗಲೂ ತೋರಿಸು’ ಎಂಬುದನ್ನು ಆನ್ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಇದು ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನ ‘ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ’ ಭಾಗದಲ್ಲಿ ಸಿಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಎಮರ್ಜೆನ್ಸಿ’ ಎಂದು ಬರೆದು ನೋಡಿ.

ತುಂಬಿದ ಮೇಲೆ ಅಷ್ಟಕ್ಕೇ ನಿಲ್ಲಿಸದೆ ಒಮ್ಮೆ ಪರೀಕ್ಷಿಸಿ. ಫೋನನ್ನು ಲಾಕ್ ಮಾಡಿ, ನಿಮ್ಮ ಬೆರಳಚ್ಚನ್ನಾಗಲಿ ಮುಖವನ್ನಾಗಲಿ ಗುರುತಿಸದಂತೆ ಬೇರೊಬ್ಬರ ಕೈಗೆ ಕೊಡಿ. ಅವರು ಪರದೆಯನ್ನು ಮೇಲಕ್ಕೆ ಸರಿಸಿದಾಗ ಪಾಸ್‌ಕೋಡ್ ಕೇಳುವ ಅಂಕಿಗಳ ಕೆಳಗೆ ‘ಎಮರ್ಜೆನ್ಸಿ’ ಎಂಬ ಸಣ್ಣ ಪದ ಕಾಣುತ್ತದೆ. ಅದನ್ನು ಒತ್ತಿದರೆ ನಿಮ್ಮ ಮಾಹಿತಿಗೆ ಹೋಗುವ ದಾರಿ ತೆರೆದುಕೊಳ್ಳುತ್ತದೆ. ನಾನು ನಮ್ಮ ಮನೆಯ ಹಿರಿಯರೊಬ್ಬರ ಫೋನಿನಲ್ಲಿ ಹೀಗೆ ಪರೀಕ್ಷಿಸಿದಾಗ, ಎಲ್ಲವನ್ನೂ ಅಚ್ಚುಕಟ್ಟಾಗಿ ತುಂಬಿದ್ದರೂ ಲಾಕ್ ಪರದೆಯಲ್ಲಿ ತೋರಿಸುವ ಆಯ್ಕೆ ಆಫ್ ಆಗಿಯೇ ಉಳಿದಿತ್ತು. ಒಂದು ವರ್ಷ ಅವರು ಅದನ್ನೇ ನಂಬಿಕೊಂಡು ಓಡಾಡಿದ್ದರು.

ಏನನ್ನು ಬರೆಯಬೇಕೆಂಬುದೂ ಮುಖ್ಯ. ನಿಮ್ಮ ಕಾಯಿಲೆ, ಇನ್ಸುಲಿನ್ ಬಳಕೆ, ಒಗ್ಗದ ಔಷಧಗಳು, ಖಚಿತವಾಗಿ ಗೊತ್ತಿದ್ದರೆ ರಕ್ತದ ಗುಂಪು, ಇಷ್ಟು ಸಾಕು. ಈ ಮಾಹಿತಿ ಫೋನ್ ಹಿಡಿದ ಯಾರಿಗಾದರೂ ಕಾಣುವುದರಿಂದ ಮನೆಯ ವಿಳಾಸವನ್ನು ಬರೆಯಬೇಡಿ. ತುರ್ತು ಸಂಪರ್ಕಕ್ಕೆ ಇಬ್ಬರ ಹೆಸರನ್ನು ಸಂಬಂಧದ ಸಮೇತ ಸೇರಿಸಿ. ಗಂಡ ಹೆಂಡತಿ ಪರಸ್ಪರ ಒಬ್ಬರನ್ನೊಬ್ಬರು ಮಾತ್ರ ಸೇರಿಸಿಕೊಂಡಿರುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಇಬ್ಬರೂ ಒಂದೇ ವಾಹನದಲ್ಲಿದ್ದಾಗ ಅಪಘಾತವಾದರೆ ಎರಡೂ ಫೋನುಗಳು ಒಂದನ್ನೊಂದು ಕರೆಯುತ್ತವೆ, ಅಷ್ಟೆ. ಆದ್ದರಿಂದ ಎರಡನೆಯವರು ಬೇರೆ ಮನೆಯಲ್ಲಿರುವವರಾಗಲಿ. ಆಸ್ಪತ್ರೆಯವರು ತಮ್ಮದೇ ಸಂಖ್ಯೆಯಿಂದ ಕರೆಯಬಹುದಾದ್ದರಿಂದ, ಅಪರಿಚಿತ ಸಂಖ್ಯೆಗಳ ಕರೆಯನ್ನು ಎತ್ತದವರನ್ನು ಈ ಕೆಲಸಕ್ಕೆ ಆರಿಸಬೇಡಿ. ಅವರ ಹೆಸರು ನಿಮ್ಮ ಫೋನಿನಲ್ಲಿದೆ ಎಂಬುದನ್ನು ಅವರಿಗೂ ತಿಳಿಸಿಡಿ.

ಬಿದ್ದ ಪೆಟ್ಟಿಗೆ ಫೋನೇ ಒಡೆದುಹೋಗಬಹುದು. ಅದಕ್ಕಾಗಿ ಇದೇ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಫೋನ್ ಕಳುವಾಯಿತು. ಅದಕ್ಕೆ ಆರು ಅಂಕಿಯ ಪಿನ್ ಇತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಆದರೂ ಅದೇ ರಾತ್ರಿ ನನ್ನ ಇಮೇಲ್ ಖಾತೆಯ ಪಾಸ್‌ವರ್ಡ್ ಬದಲಾಗಿತ್ತು. ಇದು ಹೇಗೆ ಸಾಧ್ಯ?

ಉತ್ತರ: ನೀವು ಬೀಗ ಹಾಕಿದ್ದು ಫೋನಿಗೆ, ಸಿಮ್ ಕಾರ್ಡಿಗಲ್ಲ. ಸಿಮ್ಮನ್ನು ಹೊರತೆಗೆದು ಬೇರೊಂದು ಫೋನಿಗೆ ಹಾಕಿದರೆ ನಿಮ್ಮ ಸಂಖ್ಯೆಗೆ ಬರುವ ಒಟಿಪಿಗಳೆಲ್ಲ ಆ ಫೋನಿಗೇ ಬರುತ್ತವೆ. ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿ ಹೊಸದೊಂದನ್ನು ಇಟ್ಟುಕೊಳ್ಳಲು ಕೆಲವು ಖಾತೆಗಳಲ್ಲಿ ಅಷ್ಟೇ ಸಾಕಾಗುತ್ತದೆ. ಇನ್ನೊಂದು ದಾರಿ ಇದಕ್ಕಿಂತ ಸುಲಭದ್ದು: ಸಂದೇಶದ ಪೂರ್ಣ ಪಾಠವನ್ನು ಲಾಕ್ ಪರದೆಯಲ್ಲಿ ತೋರಿಸುವ ಆಯ್ಕೆ ಆನ್ ಆಗಿದ್ದರೆ, ಕಳ್ಳ ಬೀಗ ತೆರೆಯದೆಯೇ ಒಟಿಪಿಯನ್ನು ಓದಿಕೊಳ್ಳಬಹುದು. ನೋಟಿಫಿಕೇಶನ್ ಸೆಟ್ಟಿಂಗ್ಸ್‌ನಲ್ಲಿ ಈ ಆಯ್ಕೆಯನ್ನು ಇಂದೇ ಬದಲಿಸಿ.

ಹೊಸ ಸಿಮ್ ಪಡೆದ ಮೇಲೆ ಅದಕ್ಕೆ ಪಿನ್ ಹಾಕಿ. ಆಗ ಸಿಮ್ಮನ್ನು ಬೇರೆ ಫೋನಿಗೆ ಹಾಕಿದಾಗಲೂ, ನಿಮ್ಮ ಫೋನ್ ಆಫ್ ಆಗಿ ಆನ್ ಆದಾಗಲೂ ಪಿನ್ ಕೊಡದೆ ಅದು ಕೆಲಸ ಮಾಡುವುದಿಲ್ಲ. ಆದರೆ ಇಲ್ಲಿ ಅವಸರ ಬೇಡ. ಸಿಮ್ಮಿಗೆ ಸೇವಾ ಕಂಪನಿ ಮೊದಲೇ ಒಂದು ಪಿನ್ ಇಟ್ಟಿರುತ್ತದೆ. ಅದನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಬೇಕೇ ಹೊರತು ಊಹಿಸಬಾರದು. ಮೂರು ಸಲ ತಪ್ಪಿದರೆ ಸಿಮ್ ತಡೆಹಿಡಿಯಲ್ಪಟ್ಟು ಆ ತಡೆಯನ್ನು ತೆಗೆಯುವ ‘ಪಿಯುಕೆ’ ಎಂಬ 8 ಅಂಕಿಯ ಸಂಖ್ಯೆಯನ್ನು ಕೇಳುತ್ತದೆ. ಪಿಯುಕೆಯನ್ನು ಹತ್ತು ಸಲ ತಪ್ಪಾಗಿ ಕೊಟ್ಟರೆ ಆ ಸಿಮ್ ಶಾಶ್ವತವಾಗಿ ನಿರುಪಯುಕ್ತವಾಗುತ್ತದೆ. ಇದಕ್ಕೊಂದು ಬೆಲೆಯೂ ಇದೆ: ರಾತ್ರಿ ಫೋನ್ ತಾನಾಗಿಯೇ ರೀಸ್ಟಾರ್ಟ್ ಆದರೆ, ನೀವು ಎದ್ದು ಪಿನ್ ಕೊಡುವವರೆಗೆ ಕರೆಗಳು ಬರುವುದಿಲ್ಲ. ಯಾರಿಗಾದರೂ ನೀವೇ ತುರ್ತು ಸಂಪರ್ಕವಾಗಿದ್ದರೆ ಮಲಗುವ ಮುನ್ನ ಒಮ್ಮೆ ಫೋನ್ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಫೋನ್ ಕಳೆದ ಮೊದಲ ಗಂಟೆಯಲ್ಲಿ ಮಾಡುವ ಕೆಲಸಗಳಿಗೆ ಒಂದು ಕ್ರಮವಿದೆ. ಬೇರೊಂದು ಫೋನಿನಿಂದಲೋ ಕಂಪ್ಯೂಟರಿನಿಂದಲೋ ನಿಮ್ಮ ಫೋನನ್ನು ದೂರದಿಂದಲೇ ಲಾಕ್ ಮಾಡಿ, ಸೇವಾ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿ, ಆಮೇಲೆ ಇಮೇಲ್ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ತಿಳಿಸಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳು ಬರುವುದು ಇಮೇಲಿಗೇ ಆದ್ದರಿಂದ ಅದನ್ನು ಕೊನೆಗೆ ಬಿಡಬಾರದು. ಇಲ್ಲಿ ಅನೇಕರು ಸಿಕ್ಕಿಬೀಳುತ್ತಾರೆ: ಖಾತೆಯೊಳಗೆ ಹೋಗಲು ಬೇಕಾದ ಒಟಿಪಿ ಕಳೆದುಹೋದ ಫೋನಿಗೇ ಬರುತ್ತಿರುತ್ತದೆ. ಅದಕ್ಕೆಂದೇ, ಒಟಿಪಿಯ ಬದಲು ಬಳಸಲು ಖಾತೆಗಳು ಕೊಡುವ ‘ಬ್ಯಾಕಪ್ ಕೋಡ್’ಗಳನ್ನು ಮೊದಲೇ ಕಾಗದದ ಮೇಲೆ ಬರೆದು ಮನೆಯಲ್ಲಿಡಬೇಕು. ಅದರ ಜೊತೆಗೇ *#06# ಒತ್ತಿದಾಗ ಕಾಣುವ 15 ಅಂಕಿಯ ಐಎಂಇಐ ಸಂಖ್ಯೆಯನ್ನೂ, ಅಂದರೆ ನಿಮ್ಮ ಫೋನಿನ ಗುರುತಿನ ಸಂಖ್ಯೆಯನ್ನೂ ಬರೆದಿಡಿ. ದೂರು ಕೊಡುವಾಗ ಅದು ಬೇಕಾಗುತ್ತದೆ.

ಪ್ರಶ್ನೆ: ಪ್ಯಾಟರ್ನ್, ಪಿನ್, ಬೆರಳಚ್ಚು, ಇವುಗಳಲ್ಲಿ ಯಾವುದು ಉತ್ತಮ?

ಉತ್ತರ: ಆರು ಅಂಕಿಯ ಪಿನ್ ಮತ್ತು ಅದರ ಜೊತೆಗೆ ಬೆರಳಚ್ಚು. ನಾಲ್ಕು ಅಂಕಿಗಳಿಂದ 10,000 ಪಿನ್‌ಗಳಷ್ಟೇ ಸಾಧ್ಯ, ಆರು ಅಂಕಿಗಳಿಂದ 10 ಲಕ್ಷ. ಆದರೆ ಹುಟ್ಟಿದ ದಿನಾಂಕವನ್ನೇ ಇಟ್ಟರೆ ಈ ಲೆಕ್ಕಕ್ಕೆ ಅರ್ಥವಿಲ್ಲ. ಪರದೆಯ ಮೇಲೆ ಉಳಿಯುವ ಬೆರಳಿನ ಜಿಡ್ಡಿನಿಂದಲೇ ಪ್ಯಾಟರ್ನನ್ನು ಪತ್ತೆಹಚ್ಚಬಹುದೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿಯೇ ತೋರಿಸಿದ್ದಾರೆ. ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ನಿಮಗೂ ಆ ಗೆರೆ ಕಂಡೀತು. ಜನರ ನಡುವೆ ಇರುವಾಗ ಬೆರಳಚ್ಚಿನಿಂದಲೇ ಫೋನ್ ತೆರೆಯಿರಿ. ಪಕ್ಕದವರು ಪಿನ್ ನೋಡಿಕೊಂಡು ಆಮೇಲೆ ಫೋನ್ ಕದಿಯುವ ಸಂದರ್ಭಗಳಿವೆ.

ಪ್ರಶ್ನೆ: ನನಗೆ ನನ್ನ ಸಂಖ್ಯೆಯೊಂದನ್ನು ಬಿಟ್ಟು ಬೇರೆ ಯಾರ ಸಂಖ್ಯೆಯೂ ನೆನಪಿಲ್ಲ. ಇದು ಚಿಂತಿಸಬೇಕಾದ ವಿಷಯವೇ?

ಉತ್ತರ: ಹೌದು. ಫೋನ್ ಕಳೆದಾಗ ದಾರಿಹೋಕರು ತಮ್ಮ ಫೋನ್ ಕೊಟ್ಟರೂ ಅದರಲ್ಲಿ ಒತ್ತಲು ನಿಮ್ಮ ಬಳಿ ಸಂಖ್ಯೆಯೇ ಇರುವುದಿಲ್ಲ. ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿ, ಮಕ್ಕಳಿಗೂ ಮಾಡಿಸಿ. ವಾರಕ್ಕೊಮ್ಮೆ ಆ ಇಬ್ಬರಿಗೆ ಕರೆ ಮಾಡುವಾಗ ಹೆಸರನ್ನು ಹುಡುಕದೆ ಒಂದೊಂದೇ ಅಂಕಿಯನ್ನು ಒತ್ತಿ ಕರೆ ಮಾಡಿ. ಕೆಲವೇ ವಾರಗಳಲ್ಲಿ ಅದು ಬೆರಳುಗಳಿಗೇ ನೆನಪಾಗಿರುತ್ತದೆ.